ಮೊದಲು ಸೋರುವ ಪೈಪು, ಆಮೇಲೆ ಹೊಸ ಕಟ್ಟಡ

ಮಾನ್ಯ ಸಂಪಾದಕರೇ,

ನಗರಾಡಳಿತಗಳು ತೆರಿಗೆ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವ ಮಾತು ಎದ್ದರೆ ಸಾಕು, ಎಲ್ಲರೂ ಹೊಸದಾಗಿ ಏನೇನು ಕಟ್ಟಬೇಕು ಅನ್ನುವ ಪಟ್ಟಿ ಹಿಡಿದು ಬರುತ್ತಾರೆ. ಮೇಲ್ಸೇತುವೆ ಬೇಕು, ಕ್ರೀಡಾಂಗಣ ಬೇಕು, ಕಾರಂಜಿ ಬೇಕು. ನನ್ನ ಅಭಿಪ್ರಾಯ ಬೇರೆ. ಈಗಾಗಲೇ ಇರುವುದನ್ನು ಕೆಡದ ಹಾಗೆ ನೋಡಿಕೊಳ್ಳುವುದಕ್ಕೆ ದುಡ್ಡು ಮೊದಲು ಹೋಗಬೇಕು. ಕುಡಿಯುವ ನೀರಿನ ಪೈಪು, ಒಳಚರಂಡಿ, ರಸ್ತೆ, ಬೀದಿದೀಪ, ಕಸ ವಿಲೇವಾರಿ. ಇಷ್ಟಕ್ಕೂ ಎತ್ತಿಟ್ಟು ಉಳಿದರೆ ಮಾತ್ರ ಹೊಸದರ ಮಾತು. ಕೇಳುವುದಕ್ಕೆ ಸಪ್ಪೆ ಅನ್ನಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅಲ್ಲಿ. ಹೂಳೆತ್ತಿದ ಚರಂಡಿಯ ಪಕ್ಕ ಯಾರ ಹೆಸರಿನ ಕಲ್ಲನ್ನೂ ನೆಡುವುದಿಲ್ಲ. ಸೋರಿಕೆ ನಿಂತ ಪೈಪಿಗೆ ಉದ್ಘಾಟನೆ ಇರುವುದಿಲ್ಲ. ಹಾಗಾಗಿ ಆ ಕೆಲಸಕ್ಕೆ ವಕಾಲತ್ತು ಮಾಡುವವರೂ ಇರುವುದಿಲ್ಲ.

ನ್ಯೂಯಾರ್ಕ್‌ನಲ್ಲಿ 1973ರ ಡಿಸೆಂಬರ್‌ನಲ್ಲಿ ನಡೆದದ್ದು ಯಾರೋ ಕಟ್ಟಿದ ಕತೆ ಅನ್ನಿಸುವ ಹಾಗಿದೆ. ಮ್ಯಾನ್‌ಹಟನ್‌ನ ಪಶ್ಚಿಮ ಬದಿಯಲ್ಲಿ ಕಂಬಗಳ ಮೇಲೆ ಹಾದುಹೋಗುವ ಒಂದು ಹೆದ್ದಾರಿ ಇತ್ತು. ವರ್ಷಗಟ್ಟಲೆ ಯಾರೂ ಸರಿಯಾಗಿ ನೋಡಿಕೊಳ್ಳದೆ ಅದರ ಕಬ್ಬಿಣ ತುಕ್ಕು ಹಿಡಿದಿತ್ತು. ಕೊನೆಗೆ ಅದೇ ರಸ್ತೆಯ ದುರಸ್ತಿಗೆ ಅಂತ ಡಾಂಬರು ಹೊತ್ತು ತಂದ ಲಾರಿಯ ಭಾರಕ್ಕೇ ಅದು ಕುಸಿಯಿತು, ಲಾರಿ ಕೆಳಗೆ ಬಿತ್ತು. ಇದಾದ ಎರಡೇ ವರ್ಷಕ್ಕೆ, 1975ರಲ್ಲಿ, ಆ ನಗರವೇ ದಿವಾಳಿಯ ಅಂಚಿಗೆ ಬಂತು. ದಿನನಿತ್ಯದ ಖರ್ಚಿಗೂ ಅಲ್ಪಾವಧಿ ಸಾಲ ಎತ್ತಿ ಎತ್ತಿ, ಇನ್ನು ಕೊಡುವುದಿಲ್ಲ ಅಂತ ಬ್ಯಾಂಕುಗಳು ಕೈ ಎತ್ತಿದವು. ಆಗ ಖರ್ಚು ಕಡಿಮೆ ಮಾಡಿ ಅಂದರೆ ಕತ್ತರಿ ಬಿದ್ದದ್ದು ಎಲ್ಲಿಗೆ ಹೇಳಿ? ಮತ್ತೆ ನಿರ್ವಹಣೆಗೇ. 1988ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆಯ ಉಕ್ಕು ತುಕ್ಕು ತಿಂದು ಹೋಗಿದೆ ಅಂತ ಗೊತ್ತಾಗಿ, ಅದರ ಮೇಲೆ ವಾಹನ ಓಡಾಟವನ್ನೇ ನಿಲ್ಲಿಸಬೇಕಾಯಿತು. ಮುಂದೂಡಿದ ದುರಸ್ತಿಯೂ ಒಂದು ಸಾಲವೇ. ಬ್ಯಾಂಕ್ ಸಾಲವಾದರೆ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಉಳಿತಾಯ ಅಂದುಕೊಂಡು ಮಾಡಿದ ಕೆಲಸ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಅಮೆರಿಕದ ಫ್ಲಿಂಟ್ ಅನ್ನುವ ಊರು ಸಾಕ್ಷಿ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಅಂತ ಅಲ್ಲಿನ ನೀರಿನ ಮೂಲವನ್ನೇ ಬದಲಿಸಿದರು. ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಪೈಪಿಗೆ ಹರಿಸಿದರು. ಹಳೆಯ ಸೀಸದ ಪೈಪುಗಳನ್ನು ನೀರು ತಿನ್ನದ ಹಾಗೆ ಒಂದು ರಾಸಾಯನಿಕ ಸೇರಿಸಬೇಕಿತ್ತು. ಸೇರಿಸಲಿಲ್ಲ. ಸೀಸ ನೀರಿಗೆ ಇಳಿಯಿತು, ನೀರು ಮಕ್ಕಳ ಹೊಟ್ಟೆಗೆ ಇಳಿಯಿತು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಹಳೆಯ ಮೂಲಕ್ಕೇ ವಾಪಸ್ ಹೋದರು. ಆಮೇಲೆ ನ್ಯಾಯಾಲಯದಲ್ಲಿ ಆದ ಪರಿಹಾರದ ಒಪ್ಪಂದವೇ 60 ಕೋಟಿ ಡಾಲರ್ ದಾಟಿತು, ಅದರ ಬಹುಪಾಲನ್ನು ಕಟ್ಟಿದ್ದು ರಾಜ್ಯ ಸರ್ಕಾರ, ಅಂದರೆ ಮತ್ತೆ ತೆರಿಗೆದಾರರೇ. ಅಂದಹಾಗೆ, ಆ ಹೊತ್ತಿನಲ್ಲಿ ಊರಿನ ಆಡಳಿತ ಜನ ಆರಿಸಿದವರ ಕೈಯಲ್ಲಿ ಇರಲಿಲ್ಲ, ರಾಜ್ಯ ನೇಮಿಸಿದ ತುರ್ತು ಅಧಿಕಾರಿಯ ಕೈಯಲ್ಲಿತ್ತು. 'ಚುನಾಯಿತರನ್ನು ಬಿಟ್ಟು ಅಧಿಕಾರಿಗಳ ಕೈಗೆ ಕೊಡಿ, ಎಲ್ಲ ಸರಿಹೋಗುತ್ತದೆ' ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ಇದಕ್ಕೆ ಪೂರ್ತಿ ಉಲ್ಟಾ ಕತೆ ಕಾಂಬೋಡಿಯಾದ ನಾಮ್ ಪೆನ್ ನಗರದ್ದು. ನನಗೆ ಬಹಳ ಇಷ್ಟವಾದ ಉದಾಹರಣೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಶಕಗಳ ಯುದ್ಧ, ನರಮೇಧ ಎಲ್ಲ ಕಂಡ ಊರು ಅದು. 1993ರಲ್ಲಿ ಅಲ್ಲಿ ಶುದ್ಧೀಕರಿಸಿ ಬಿಟ್ಟ ನೀರಿನಲ್ಲಿ ಶೇ 72ರಷ್ಟು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಂದಷ್ಟು ಸೋರಿಕೆ, ಒಂದಷ್ಟು ಕಳ್ಳತನ, ಮಿಕ್ಕಿದ್ದು ಬಿಲ್ಲೇ ಇಲ್ಲದ ಸಂಪರ್ಕಗಳು ಅಂತ ಇಟ್ಟುಕೊಳ್ಳಿ. ಆ ವರ್ಷ ನೀರು ಸರಬರಾಜು ಸಂಸ್ಥೆಯ ಹೊಣೆ ಹೊತ್ತವರು ಎಕ್ ಸೊನ್ ಚಾನ್ ಅನ್ನುವ ಎಂಜಿನಿಯರ್. ಅವರು ಭಾರೀ ಯೋಜನೆ ಘೋಷಿಸುತ್ತಾ ಕೂರಲಿಲ್ಲ. ಮನೆಮನೆಗೆ ಹೋಗಿ ಗ್ರಾಹಕರ ಪಟ್ಟಿ ಮಾಡಿಸಿದರು. ಎಲ್ಲ ಸಂಪರ್ಕಕ್ಕೂ ಮೀಟರ್ ಹಾಕಿಸಿದರು. ಸರ್ಕಾರಿ ಕಚೇರಿಗಳು, ಸೇನೆಯ ದೊಡ್ಡವರು, ಹಣವಂತರು, ಯಾರನ್ನೂ ಬಿಡದೆ ಬಿಲ್ ಕಟ್ಟಿಸಿದರು. ಮೀಟರ್ ಹಾಕಲು ಹೋದಾಗ ಒಬ್ಬ ಸೇನಾ ಜನರಲ್ ತಮ್ಮ ತಲೆಗೇ ಬಂದೂಕು ಹಿಡಿದಿದ್ದ ಅಂತ ಅವರೇ ಹೇಳಿಕೊಂಡಿದ್ದಾರೆ. ಆದರೂ ಜಗ್ಗಲಿಲ್ಲ. ಬಂದ ದುಡ್ಡಿನಲ್ಲಿ ಹಳೆ ಪೈಪು ಬದಲಿಸಿದರು, ಸೋರಿಕೆ ಹುಡುಕುವ ತಂಡಗಳನ್ನು ಇಟ್ಟರು, ಚೆನ್ನಾಗಿ ಕೆಲಸ ಮಾಡಿದ ಸಿಬ್ಬಂದಿಗೆ ಜಾಸ್ತಿ ಕೊಟ್ಟರು. ಹೊರದೇಶಗಳ ನೆರವು, ಸಾಲ ಕೂಡ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನೆರವು ಪಡೆದ ನಗರಗಳು ಜಗತ್ತಿನಲ್ಲಿ ಎಷ್ಟೋ ಇವೆ, ಈ ಫಲ ಎಷ್ಟು ಕಡೆ ಸಿಕ್ಕಿದೆ? 2008ರ ಹೊತ್ತಿಗೆ ಆ ನಷ್ಟ ಶೇ 6ರ ಆಸುಪಾಸಿಗೆ ಇಳಿಯಿತು. ನಲ್ಲಿಯಲ್ಲಿ 24 ಗಂಟೆ ನೀರು. ಬಡವರಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ, ಕಂತಿನ ಅನುಕೂಲ. 2006ರಲ್ಲಿ ಎಕ್ ಸೊನ್ ಚಾನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಟೋಕಿಯೊ ಶ್ರೀಮಂತ ಊರು, ಅದರ ಮಾತು ಬೇರೆ ಅನ್ನಬಹುದು. ಆದರೆ ಅಲ್ಲಿ ನೀರಿನ ಸೋರಿಕೆ ಶೇ 3-4ರ ಹತ್ತಿರ ಇರುವುದು ದುಡ್ಡಿನಿಂದ ಮಾತ್ರ ಅಲ್ಲ. ರಾತ್ರಿ ಹೊತ್ತು ರಸ್ತೆ ಮೇಲೆ ಉಪಕರಣ ಇಟ್ಟು, ನೆಲದೊಳಗೆ ನೀರು ಜಿನುಗುವ ಶಬ್ದವನ್ನು ಕಿವಿಗೊಟ್ಟು ಕೇಳಿ, ಎಲ್ಲಿ ಒಡೆದಿದೆ ಅಂತ ಪತ್ತೆ ಹಚ್ಚುವ ಕೆಲಸಗಾರರು ಅಲ್ಲಿದ್ದಾರೆ. ಅದು ಒಂದು ವರ್ಷದ ಅಭಿಯಾನ ಅಲ್ಲ, ದಶಕಗಳಿಂದ ನಡೆದುಕೊಂಡು ಬಂದಿರುವ ನಿತ್ಯದ ಕೆಲಸ.

ಇನ್ನು ಹೊಸದಾಗಿ ಕಟ್ಟುವವರ ವಿಷಯಕ್ಕೆ ಬರೋಣ. ಮಾಂಟ್ರಿಯಲ್ ನಗರ 1976ರಲ್ಲಿ ಒಲಿಂಪಿಕ್ಸ್ ನಡೆಸಿತು. ಗಂಡಸು ಹೇಗೆ ಹೆರಲಾರನೋ ಹಾಗೆ ಒಲಿಂಪಿಕ್ಸ್‌ನಿಂದ ನಷ್ಟ ಆಗಲಾರದು ಅನ್ನುವ ಅರ್ಥದ ಮಾತನ್ನು ಅಲ್ಲಿನ ಮೇಯರ್ ಡ್ರಾಪೊ ಜಂಬದಿಂದ ಆಡಿದ್ದರು. ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ! ಅದನ್ನು ತೀರಿಸಲು ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಬೇಕಾಯಿತು. ಆ ಕ್ರೀಡಾಂಗಣದ ಚಾವಣಿಯ ರಗಳೆ ಇನ್ನೂ ಮುಗಿದಿಲ್ಲ. ಕ್ರೀಡಾಂಗಣ ಕಟ್ಟಿದರೆ ಊರಿಗೆ ವ್ಯಾಪಾರ ಬರುತ್ತದೆ, ಕೆಲಸ ಸಿಗುತ್ತದೆ ಅನ್ನುವ ವಾದ ಎಲ್ಲ ಕಡೆ ಕೇಳಿಬರುತ್ತದೆ. ಇದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು, ಹಾಕಿದ ಸಾರ್ವಜನಿಕ ದುಡ್ಡಿಗೆ ತಕ್ಕ ಲಾಭ ವಾಪಸ್ ಬರುವುದಿಲ್ಲ ಅಂತಲೇ ಹೇಳುತ್ತಾ ಬಂದಿದ್ದಾರೆ. ಆಟದ ಮೇಲಿನ ಪ್ರೀತಿಗೆ ಕಟ್ಟುತ್ತೇವೆ ಅಂದರೆ ಆಯಿತು, ಒಪ್ಪೋಣ. ಲಾಭದ ಸುಳ್ಳು ಲೆಕ್ಕ ಮಾತ್ರ ಬೇಡ.

'ಮೇಲಿನ ಸರ್ಕಾರದ ಅನುದಾನ ಬಂದಿದೆ, ನಮ್ಮ ಕೈಯಿಂದ ಏನೂ ಹೋಗುವುದಿಲ್ಲ' ಅನ್ನುವುದು ಇನ್ನೊಂದು ಮಾತು. ಆನೆ ದಾನ ಕೊಟ್ಟವರು ಮೇವನ್ನೂ ಕೊಡುತ್ತಾರೆಯೇ? ಅನುದಾನ ಬರುವುದು ಸಾಮಾನ್ಯವಾಗಿ ಕಟ್ಟುವುದಕ್ಕೆ ಮಾತ್ರ. ಆಮೇಲೆ ಅದರ ಕರೆಂಟ್ ಬಿಲ್, ಕಾವಲುಗಾರ, ಲಿಫ್ಟ್ ರಿಪೇರಿ, ಬಣ್ಣ, ಎಲ್ಲ ನಗರದ ತಲೆ ಮೇಲೆಯೇ. ವರ್ಷದ ಕೊನೆಯಲ್ಲಿ ದುಡ್ಡು ವಾಪಸ್ ಹೋಗಿಬಿಡುತ್ತದೆ ಅನ್ನುವ ಅವಸರಕ್ಕೆ ಚೆನ್ನಾಗಿದ್ದ ಫುಟ್‌ಪಾತ್ ಕಿತ್ತು ಮತ್ತೆ ಹಾಕುವುದು ಈ ಜಾತಿಗೇ ಸೇರಿದ್ದು. ಹಾಗಾಗಿ ನನ್ನದೊಂದು ಸಲಹೆ. ಯಾವ ಹೊಸ ಕಾಮಗಾರಿಯ ಕಡತವೇ ಇರಲಿ, ಮೊದಲ ಪುಟದಲ್ಲೇ ಎರಡು ಮೊತ್ತ ಇರಬೇಕು. ಕಟ್ಟುವುದಕ್ಕೆ ಎಷ್ಟು, ಮುಂದಿನ 30 ವರ್ಷ ನೋಡಿಕೊಳ್ಳುವುದಕ್ಕೆ ಎಷ್ಟು. ಎರಡನೆಯದು ಎಲ್ಲಿಂದ ಬರುತ್ತದೆ ಅಂತ ಬರೆಯದಿದ್ದರೆ ಮೊದಲನೆಯದಕ್ಕೆ ಮಂಜೂರಾತಿ ಇಲ್ಲ.

ಹಾಗಂತ ಹೊಸದೇ ಬೇಡ ಅನ್ನುತ್ತಿಲ್ಲ. ಲಂಡನ್‌ನ ಒಳಚರಂಡಿ ಒಂದು ಕಾಲಕ್ಕೆ ಹೊಸ ಕಾಮಗಾರಿಯೇ ಆಗಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ದಡದಲ್ಲಿದ್ದ ಸಂಸತ್ತಿನೊಳಗೇ ನುಗ್ಗಿತು. ಅದಕ್ಕೂ ಮೊದಲು ಕಾಲರಾದಿಂದ ಸಾವಿರಾರು ಜನ ಸತ್ತಿದ್ದರೂ ಬಿಚ್ಚದ ಗಂಟು, ವಾಸನೆ ಸಂಸದರ ಮೂಗಿಗೆ ಬಡಿದ ಕೆಲವೇ ವಾರಗಳಲ್ಲಿ ಬಿಚ್ಚಿಕೊಂಡಿತು! ಎಂಜಿನಿಯರ್ ಬ್ಯಾಜಲ್ಜೆಟ್ ಮುಂದೆ ಜನ ಜಾಸ್ತಿ ಆಗುತ್ತಾರೆ ಅನ್ನುವ ಲೆಕ್ಕ ಹಾಕಿ ದೊಡ್ಡದಾಗಿಯೇ ಕಟ್ಟಿಸಿದರು. ಅದರಲ್ಲಿ ಬಹಳಷ್ಟು ಇವತ್ತಿಗೂ ಬಳಕೆಯಲ್ಲಿದೆ. ಇಂಥದ್ದಕ್ಕೆ ಸಾಲ ಮಾಡಿದರೂ ತಪ್ಪಿಲ್ಲ, ಏಕೆಂದರೆ ತೀರಿಸುವ ತಲೆಮಾರೂ ಅದನ್ನು ಬಳಸುತ್ತದೆ. ಸಂಬಳ ಕೊಡುವುದಕ್ಕೆ ಸಾಲ ಮಾಡುವುದು, ಆಸ್ತಿ ಮಾರುವುದು, ಅದು ಬೇರೆಯದೇ ರೋಗ. ಶಿಕಾಗೊ 2008ರಲ್ಲಿ ತನ್ನ ರಸ್ತೆ ಬದಿಯ ಪಾರ್ಕಿಂಗ್ ಮೀಟರ್‌ಗಳ ಆದಾಯವನ್ನು 75 ವರ್ಷಕ್ಕೆ ಖಾಸಗಿಯವರಿಗೆ ಬರೆದುಕೊಟ್ಟಿತು, ಸುಮಾರು 115 ಕೋಟಿ ಡಾಲರ್‌ಗೆ. ನಗರ ಸಭೆಗೆ ಅದನ್ನು ಓದಿ ನೋಡಲು ಸಿಕ್ಕಿದ್ದು ಕೆಲವೇ ದಿನ. ಮುಂದಿನ ವರ್ಷ ನಗರಾಡಳಿತದ ಮೇಲೆ ಕಣ್ಣಿಡುವ ತಪಾಸಣಾಧಿಕಾರಿ (ಇನ್‌ಸ್ಪೆಕ್ಟರ್ ಜನರಲ್) ಲೆಕ್ಕ ಹಾಕಿ, ಅದರ ನಿಜವಾದ ಬೆಲೆಗಿಂತ 97 ಕೋಟಿ ಡಾಲರ್‌ನಷ್ಟು ಕಡಿಮೆಗೆ ಹೋಗಿದೆ ಅಂದರು. ಬಂದ ದುಡ್ಡಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ಟಿನ ತೂತು ಮುಚ್ಚುವುದರಲ್ಲಿ ಕರಗಿತು. ಈಗ ರಸ್ತೆ ಮುಚ್ಚಿ ಏನಾದರೂ ಮಾಡಿದರೆ ಆ ಕಂಪನಿಗೆ ನಗರವೇ ನಷ್ಟ ಕಟ್ಟಿಕೊಡಬೇಕು.

ಕೆಲಸಗಾರರ ಸಂಬಳದಲ್ಲಿ ಉಳಿಸುವ ಜಾಣತನದ ಬಗ್ಗೆಯೂ ಒಂದು ಮಾತು. ಬ್ರಿಟನ್‌ನ ಬರ್ಮಿಂಗ್‌ಹ್ಯಾಮ್ ನಗರಾಡಳಿತ 2023ರ ಸೆಪ್ಟೆಂಬರ್‌ನಲ್ಲಿ ತನ್ನ ಕೈ ಬರಿದಾಗಿದೆ ಅಂತ ಹೇಳಿಬಿಟ್ಟಿತು. ಅಡುಗೆ, ಸ್ವಚ್ಛತೆ, ಆರೈಕೆ ಕೆಲಸದ ಹೆಣ್ಣುಮಕ್ಕಳಿಗೆ ಗಂಡಸರಿಗೆ ಸಿಗುತ್ತಿದ್ದ ಬೋನಸ್ ಕೊಡದೆ ಇದ್ದದ್ದು, ವರ್ಷಗಳ ಮೇಲೆ ಕೋರ್ಟಿನ ಮೂಲಕ ಬಾಕಿಯಾಗಿ ಬಂದು ಬಡಿಯಿತು. ಜೊತೆಗೆ ಲೆಕ್ಕಪತ್ರಕ್ಕೆ ತಂದ ಹೊಸ ಸಾಫ್ಟ್‌ವೇರ್ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾಗಿ, ಸರಿಯಾಗಿ ಕೆಲಸವನ್ನೂ ಮಾಡಲಿಲ್ಲ. ಮುಂದಿನ ವರ್ಷ ಜನರ ತೆರಿಗೆ ಹತ್ತಿರ ಹತ್ತಿರ ಶೇ 10ರಷ್ಟು ಏರಿತು. ಊರು ತೊಳೆಯುವವರಿಗೆ ಕೊಡಬೇಕಾದ್ದನ್ನು ಹಿಡಿದಿಟ್ಟರೆ ಅದು ಉಳಿತಾಯ ಅಲ್ಲ.

ಇಲ್ಲಿ ಒಬ್ಬರ ಜೊತೆ ನನ್ನ ಜಗಳ ಇದೆ. 'ನಮ್ಮ ಬಡಾವಣೆಯಿಂದ ಜಾಸ್ತಿ ತೆರಿಗೆ ಹೋಗುತ್ತದೆ, ಹಾಗಾಗಿ ನಮ್ಮಲ್ಲೇ ಜಾಸ್ತಿ ಖರ್ಚು ಮಾಡಿ' ಅನ್ನುವವರ ಜೊತೆ. ಸ್ವಾಮಿ, ಬಾಡಿಗೆ ಮನೆಯಲ್ಲಿ ಇರುವವರೂ ತೆರಿಗೆ ಕಟ್ಟುತ್ತಾರೆ, ಬಾಡಿಗೆಯೊಳಗೆ ಅದು ಸೇರಿರುತ್ತದೆ, ರಸೀದಿ ಮಾತ್ರ ಮಾಲೀಕರ ಹೆಸರಿನಲ್ಲಿ. ಮತ್ತೆ ಕಾಯಿಲೆಗೆ ವಾರ್ಡಿನ ಗಡಿ ಗೊತ್ತಿಲ್ಲ. ಚರಂಡಿಯೇ ಇಲ್ಲದ ಕಡೆ ಹಾಕುವ ಮೊದಲ ಪೈಪಿನಿಂದ ಆಗುವ ಉಪಯೋಗ, ಇರುವ ಕಡೆ ಹಾಕುವ ಅಲಂಕಾರದ ಕಂಬದಿಂದ ಆಗುವುದಿಲ್ಲ.

ಜನರನ್ನೇ ಕೇಳಿದರೆ ಅವರು ಏನನ್ನು ಆರಿಸುತ್ತಾರೆ? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಬಡಾವಣೆಯ ಸಭೆಗಳಲ್ಲಿ ಜನರೇ ಕೂತು, ಹೊಸ ಕಾಮಗಾರಿಗಳಲ್ಲಿ ಯಾವುದು ಮೊದಲು ಅಂತ ತೀರ್ಮಾನ ಮಾಡುವ ಪದ್ಧತಿ ತಂದರು. ಅವರು ಕೇಳಿದ್ದು ಗೋಪುರ ಅಲ್ಲ. ನೀರು, ಚರಂಡಿ, ಡಾಂಬರು ರಸ್ತೆ. 1988ರಲ್ಲಿ ಶೇ 75ರಷ್ಟಿದ್ದ ನೀರು-ಒಳಚರಂಡಿ ಸಂಪರ್ಕ 1997ರ ಹೊತ್ತಿಗೆ ಶೇ 98ಕ್ಕೆ ಬಂತು. ಆ ಪದ್ಧತಿ ಮುಂದೆ ಬೇರೆ ಆಡಳಿತಗಳು ಬಂದ ಮೇಲೆ ಸೊರಗಿತು ಅನ್ನುವುದೂ ನಿಜ. ಸಭೆ ಕರೆದು, ಜನ ಹೇಳಿದ್ದನ್ನು ಬರೆದುಕೊಂಡು, ಆಮೇಲೆ ತಮಗೆ ತೋಚಿದ್ದನ್ನೇ ಮಾಡಿದರೆ ಮುಂದಿನ ಸಲ ಕುರ್ಚಿಗಳು ಖಾಲಿ ಇರುತ್ತವೆ. ಸುಮ್ನೆ ಅಭಿಪ್ರಾಯ ಪೆಟ್ಟಿಗೆ ಇಡುವುದರಿಂದ ಏನೂ ಆಗುವುದಿಲ್ಲ. ಸಭೆಯಲ್ಲಿ ಇಷ್ಟು ದುಡ್ಡು ನಿಮ್ಮ ಕೈಯಲ್ಲಿದೆ ಅಂತ ಮೊದಲೇ ಹೇಳಿ ಕೊಡಬೇಕು.

ಸಂಪಾದಕರೇ, ನಿಮ್ಮ ಮೇಲೂ ಒಂದು ದೂರು. ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳೆಲ್ಲ ಹೊಸ ಯೋಜನೆಗಳ ಬಣ್ಣದ ಚಿತ್ರ ಹಾಕುತ್ತವೆ. ಘೋಷಣೆ ಸುದ್ದಿ, ದುರಸ್ತಿ ಸುದ್ದಿಯಲ್ಲ. ಮುಂದಿನ ಸಲ ಆ ಪುಟದಲ್ಲಿ ಒಂದು ಸಣ್ಣ ಕೋಷ್ಟಕಕ್ಕೆ ಜಾಗ ಕೊಡಿ. ಹೋದ ವರ್ಷ ನಿರ್ವಹಣೆಗೆ ಅಂತ ಇಟ್ಟದ್ದು ಎಷ್ಟು, ಅದರಲ್ಲಿ ನಿಜವಾಗಿ ಖರ್ಚಾದದ್ದು ಎಷ್ಟು, ಮಧ್ಯದಲ್ಲಿ ಬೇರೆ ಕಾಮಗಾರಿಗೆ ತಿರುಗಿಸಿದ್ದು ಎಷ್ಟು, ಗುತ್ತಿಗೆದಾರರಿಗೆ ಕೊಡಬೇಕಾದ ಹಳೆ ಬಿಲ್ಲು ಎಷ್ಟು ಬಾಕಿ. ಈ ನಾಲ್ಕು ಅಂಕಿ ಆಡಳಿತದ ಲೆಕ್ಕಪತ್ರದಲ್ಲಿ ಇರಲೇಬೇಕು. ಕೇಳಿದಾಗ ಕೊಡದಿದ್ದರೆ, ಕೊಡಲಿಲ್ಲ ಅಂತಲೇ ಆ ಜಾಗದಲ್ಲಿ ಅಚ್ಚು ಹಾಕಿ.

ಇಂತಿ,
ಒಬ್ಬ ಓದುಗ, ತೆರಿಗೆದಾರ