ಆ ಸಾಮಾನಿಗೆ ಒಂದು ಕೋಣೆ ಕೊಡಿ

ಮಾನ್ಯ ಸಂಪಾದಕರೇ,

ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳಿಗೆ ನೆರೆ ನುಗ್ಗಿದ್ದನ್ನು 2019ರಲ್ಲೂ 2021ರಲ್ಲೂ ಕಂಡಿದ್ದೇವೆ. ಈ ಸಲ ಮಳೆಗಾಲಕ್ಕೆ ಮುಂಚೆಯೇ ನಮ್ಮ ಕೇರಿಯ ಪುಟ್ಟ ಹುಡುಗಿಯೊಬ್ಬಳು ನಾಯಿ ಜೊತೆ ಮನೆಮನೆ ತಿರುಗಿ ಅಲ್ಲಿನವರಿಗಾಗಿ ಚಾದರ, ಕುಚಲಕ್ಕಿ ಕೂಡಿಸುತ್ತಿದ್ದಾಳೆ. ನಾಯಿಯ ಕೊರಳಲ್ಲಿ ಹಳೇ ಪಾಟಿಚೀಲ. ಅದಕ್ಕೆ ಮೇಣದಬತ್ತಿ, ಬೆಂಕಿಪೊಟ್ಟಣ ಹಾಕಿದರೆ ಬಾಲ ಅಲ್ಲಾಡಿಸುತ್ತದೆ. ಪರಸ್ಪರ ಮಾತು ಬಿಟ್ಟಿದ್ದ ಮನೆಯವರೂ ಈಗ ಕೈ ಜೋಡಿಸಿದ್ದಾರೆ. ಮೀನು ಮಾರುವ ಅಕ್ಕ ತಲೆ ಮೇಲಿನ ಬುಟ್ಟಿ ಇಳಿಸಿ 20 ರೂಪಾಯಿ ಕೊಟ್ಟಾಗ ಕಣ್ಣು ತುಂಬಿ ಬಂತು.

ಆದರೆ ಸಾಮಾನು ಜಾಸ್ತಿಯಾಗಿದೆ, ಹುಡುಗಿಯ ಮನೆ ಜಗುಲಿ ಸೋರುತ್ತದೆ. ತಾಲ್ಲೂಕು ಆಡಳಿತ ಮಳೆ ಮುಗಿಯುವವರೆಗೆ ಒಂದು ಖಾಲಿ ಕೋಣೆಯನ್ನಾದರೂ ಬಿಟ್ಟುಕೊಡಲಿ. ಅಷ್ಟು ಮಾಡಬಹುದು ಅಲ್ವಾ?

– ಓದುಗರೊಬ್ಬರು, ಕಾರವಾರ