ನಾಯಿಮರಿ ಮಾರುವವರ ನೋಂದಣಿ: ಪಟ್ಟಿ ಜನರಿಗೆ ಸಿಗಲಿ

ಮಾನ್ಯರೆ,

ಕಳೆದ ಮಳೆಗಾಲದಲ್ಲಿ ನಾವು ತಂದ ಲ್ಯಾಬ್ರಡಾರ್ ಮರಿ ಒಂಬತ್ತನೇ ದಿನಕ್ಕೆ ಸತ್ತುಹೋಯಿತು. ವಾಂತಿ, ರಕ್ತಭೇದಿ. ಪಾರ್ವೊ ಎಂಬ ವೈರಸ್ ರೋಗ ಎಂದರು ಪಶುವೈದ್ಯರು. ಹಲ್ಲು ನೋಡಿ, 'ತಂದಾಗ ಇದಕ್ಕೆ ಐದು ವಾರವೂ ತುಂಬಿರಲಿಕ್ಕಿಲ್ಲ, ಇಷ್ಟು ಬೇಗ ತಾಯಿಯಿಂದ ಯಾಕೆ ಬಿಡಿಸಿದರು?' ಎಂದು ನೊಂದುಕೊಂಡರು. ಮಾರಿದವನು ಎರಡು ತಿಂಗಳ ಮರಿ, ಲಸಿಕೆ ಆಗಿದೆ ಎಂದಿದ್ದ. ಮೊಬೈಲಿನಲ್ಲಿ ಫೋಟೊ ನೋಡಿ, ಬಸ್ ನಿಲ್ದಾಣದ ಹತ್ತಿರ ದುಡ್ಡು ಕೊಟ್ಟು ತಂದಿದ್ದೆವು. ತಾಯಿನಾಯಿ ಎಲ್ಲಿದೆ ಎಂದು ಕೇಳಲಿಲ್ಲ, ಅದು ನಮ್ಮ ತಪ್ಪು. ಸತ್ತ ಮರಿಯ ಹಾಲಿನ ಬಟ್ಟಲನ್ನು ಎತ್ತಿಡಲು ಮಗಳು ಇನ್ನೂ ಬಿಡುತ್ತಿಲ್ಲ.

ಇದಕ್ಕೆಲ್ಲ ಕಾನೂನಿದೆ ಎಂದು ತಿಳಿದದ್ದು ಆಮೇಲೆ. ಕೇಂದ್ರ ಸರ್ಕಾರ 2017ರಲ್ಲೇ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ತಂದಿದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು, ಪ್ರಮಾಣಪತ್ರವನ್ನು ಕಣ್ಣಿಗೆ ಕಾಣುವಂತೆ ತೂಗುಹಾಕಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಗಂಡು ಕೊಡಿಸುವಂತಿಲ್ಲ, ವರ್ಷಕ್ಕೊಂದೇ ಸೂಲು. ಓದುತ್ತಾ ಹೋದಂತೆ, ನಾವು ಕಾಣದ ಆ ತಾಯಿ ಎಷ್ಟನೇ ಸಲ ಮರಿ ಹಾಕಿತ್ತೋ ಎಂದು ಹೊಟ್ಟೆ ಉರಿಯಿತು.

ಆದರೆ ಮಾರುವವನು ನೋಂದಾಯಿತನೋ ಅಲ್ಲವೋ ಎಂದು ನನ್ನಂಥವನು ತಿಳಿಯುವುದು ಹೇಗೆ? ನಮ್ಮ ಊರಿನಲ್ಲಿ ವಿಚಾರಿಸಿದೆ, ಯಾರಿಗೂ ಗೊತ್ತಿರಲಿಲ್ಲ. ಇನ್ನು ಶಿಕ್ಷೆಯ ಮಾತು: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಕ್ರೌರ್ಯದ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಮರಿಗೆ ಸಾವಿರಾರು ರೂಪಾಯಿ ಎಣಿಸಿಕೊಳ್ಳುವವನು ಇದಕ್ಕೆ ಯಾಕೆ ಹೆದರುತ್ತಾನೆ?

ಮುಧೋಳ ಸೀಮೆಯಲ್ಲಿ ಮನೆಯಲ್ಲೇ ಬೇಟೆನಾಯಿ ಸಾಕಿ ಮರಿ ಮಾರುವ ರೈತ ಕುಟುಂಬಗಳಿವೆ. ಅವರನ್ನೂ, ಕತ್ತಲೆ ಕೋಣೆಯ ಪಂಜರದಲ್ಲಿ ಮರಿ ಮಾಡಿಸುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಈ ರೈತರನ್ನು ನೋಂದಣಿಗಾಗಿ ಬೆಂಗಳೂರಿಗೆ ಅಲೆಸದೆ, ಅರ್ಜಿ ಪಡೆಯುವುದು, ಸ್ಥಳ ನೋಡಿ ವರದಿ ಕೊಡುವುದು ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಆಗಲಿ. ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಅವರಿಗೆ ದಾಖಲೆ ಬರೆದಿಡುವುದನ್ನು ಕಲಿಸಬಹುದು.

ಪಶುಸಂಗೋಪನಾ ಇಲಾಖೆ ಸದ್ಯಕ್ಕೆ ಒಂದು ಕೆಲಸ ಮಾಡಲಿ. ನೋಂದಾಯಿತ ಸಾಕಣೆದಾರರ ಹೆಸರು, ನೋಂದಣಿ ಸಂಖ್ಯೆ, ನೋಂದಣಿಯ ಅವಧಿ ಮುಗಿಯುವ ದಿನಾಂಕವನ್ನು ಪ್ರತಿ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಆ ಸಂಖ್ಯೆ ಇಲ್ಲದ ಮಾರಾಟದ ಜಾಹೀರಾತನ್ನು ಯಾರೂ ಹಾಕದಂತೆ ಆದೇಶ ಹೊರಡಿಸಲಿ.

– ಓದುಗ, ದಾವಣಗೆರೆ