ಕಿವಿ ಕೈಕೊಟ್ಟಾಗ ಹಾಡು ತೋರಿಸಿದವರಿಗೆ

ನಮ್ಮ ನೀಲ್ ಯಂಗ್ ಅಭಿಮಾನಿ ಬಳಗದ ಎಲ್ಲರಿಗೂ ನಮಸ್ಕಾರ.

ಹೊಸ ಶ್ರವಣ ಪರೀಕ್ಷೆಯ ವರದಿ ಬಂತು. ಎಡಗಿವಿ ಪೂರ್ತಿ ಮೊದಲಿನಂತಾಗಿಲ್ಲ, ಇನ್ನು ಆಗುವ ಸಾಧ್ಯತೆಯೂ ಕಡಿಮೆ ಎಂದು ವೈದ್ಯರು ನೇರವಾಗಿ ಹೇಳಿದರು. ಕೀರಲು ಸದ್ದುಗಳು ಇನ್ನೂ ಸರಿಯಾಗಿ ಸಿಗುವುದಿಲ್ಲ. ಉಳಿದದ್ದು ಬಹುಮಟ್ಟಿಗೆ ವಾಪಸು ಬಂದಿದೆ, ಎದುರು ಕೂತವರ ಮಾತು ತಿಳಿಯುತ್ತದೆ. ನಿಮ್ಮಲ್ಲಿ ಬಹಳ ಜನ ಕೇಳುತ್ತಿದ್ದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ. ಹೌದು, ನಮ್ಮ ರಾಕ್ ಗಾಯಕ ನೀಲ್ ಯಂಗ್ ಹಾಡಿದರೆ ಈಗ ಹಾಡಿನ ಹಾಗೆಯೇ ಕೇಳಿಸುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಲು ಕೂತರೆ ಮುಗಿಯುವ ಕೆಲಸವಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಈ ಕಾಗದ.

ಏನಾಗಿತ್ತೆಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಬೆಳಿಗ್ಗೆ ಎದ್ದಾಗ ಎಡಗಿವಿ ಕಟ್ಟಿಕೊಂಡಿತ್ತು. ನೆಗಡಿಯೋ ಗುಗ್ಗೆಯೋ ಇರಬೇಕು ಎಂದೆ. ನಮ್ಮ ಮನೆಯವರು ಕೇಳಲಿಲ್ಲ, ಅದೇ ದಿನ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಎಳೆದುಕೊಂಡೇ ಹೋದರು. ಒಳಕಿವಿಯ ತೊಂದರೆ, ಎರಡು ಮೂರು ದಿನದೊಳಗೆ ಏಕಾಏಕಿ ಕೇಳಿಸದಂತಾಗುವುದು, ಸಾಮಾನ್ಯವಾಗಿ ಒಂದೇ ಕಿವಿಗೆ. ಹೆಚ್ಚಿನವರಲ್ಲಿ ಕಾರಣ ಗೊತ್ತಾಗುವುದೇ ಇಲ್ಲವಂತೆ. ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಎರಡು ವಾರ ಕಳೆದರೆ ಫಲ ಸಿಗುವುದು ಕಷ್ಟ. ಯಾರಿಗಾದರೂ ಹೀಗೆ ತಟಕ್ಕನೆ ಒಂದು ಕಿವಿ ಮಂದವಾದರೆ ಎಣ್ಣೆ ಬಿಟ್ಟುಕೊಂಡು ಕಾಯುತ್ತ ಕೂರಬೇಡಿ, ಅವತ್ತೇ ಹೋಗಿ ತೋರಿಸಿ. ನನ್ನ ಕಿವಿ ಇಷ್ಟಾದರೂ ಉಳಿದಿದ್ದರೆ ಅದು ನಮ್ಮ ಮನೆಯವರ ಹಟದಿಂದ. ಮೊದಲ ಕೃತಜ್ಞತೆ ಅವರಿಗೇ.

ಸದ್ದು ಕಡಿಮೆಯಾದದ್ದು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಶ್ರುತಿ. ಪಿಯಾನೋದ ಒಂದೇ ಸ್ವರ ಬಲಗಿವಿಗೆ ಒಂದು ಶ್ರುತಿಯಲ್ಲಿ, ಎಡಗಿವಿಗೆ ಇನ್ನೊಂದು ಶ್ರುತಿಯಲ್ಲಿ. ಎರಡೂ ಸೇರಿದರೆ ಕೇಳಲಾಗದ ಅಪಸ್ವರ. ಸದ್ದು ತುಸು ಏರಿದರೆ ಕಿವಿಯೊಳಗೆ ಚುಚ್ಚಿದ ಹಾಗೆ. ಇದರ ಮೇಲೆ ಹಗಲೂ ರಾತ್ರಿ ನಿಲ್ಲದ ಮೊರೆತ. ನೀಲ್ ಯಂಗ್ ಅವರ ತೆಳ್ಳನೆಯ ಏರುದನಿ, ಆ ಹಾರ್ಮೋನಿಕಾ, ಎರಡೂ ನನಗೆ ಶಿಕ್ಷೆಯಾಗಿಬಿಟ್ಟವು. (ಎರಡೂ ಕಿವಿ ಸರಿಯಿದ್ದೂ ಆ ದನಿಯನ್ನು ಸಹಿಸಲಾಗದವರು ನಮ್ಮ ಮನೆಯಲ್ಲೇ ಇದ್ದಾರೆ, ಆ ಮಾತು ಬೇರೆ.) ಇಷ್ಟು ವರ್ಷ ದಿನಕ್ಕೊಮ್ಮೆಯಾದರೂ ಹಾಕಿ ಕೇಳುತ್ತಿದ್ದದ್ದನ್ನು ಮುಟ್ಟಲೂ ಭಯವಾಗುವ ಸ್ಥಿತಿ ಅದು.

ಆಗ ಬಂತು ನಮ್ಮ ಬಳಗದ ಹಿರಿಯಕ್ಕನ ಲಕೋಟೆ. ಅವರು ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಒಳಗೆ ಒಂದು ಡಿಸ್ಕ್, ಕೈಬರಹದ ಎರಡು ಹಾಳೆ. ಡಿಸ್ಕ್ ನಿರ್ದೇಶಕ ಜೊನಾಥನ್ ಡೆಮಿ 2006ರಲ್ಲಿ ತೆರೆಗೆ ತಂದ ‘ಹಾರ್ಟ್ ಆಫ್ ಗೋಲ್ಡ್’, ನೀಲ್ ಯಂಗ್ ಅವರ ಕಛೇರಿಚಿತ್ರ. ಹಾಳೆಯ ಮೇಲ್ತುದಿಯಲ್ಲಿ, “ಸದ್ದು ಪೂರ್ತಿ ನಿಲ್ಲಿಸು. ಕೇಳಬೇಡ, ನೋಡು ಮಾರಾಯ್ತಿ.” ಕೆಳಗೆ ಯಾವ ಹಾಡಿಗೆ ಯಾರ ಕೈ ನೋಡಬೇಕು, ಯಾರ ಮುಖ ನೋಡಬೇಕು ಎಂಬ ಟಿಪ್ಪಣಿ.

ಮೊದಲು ನಗು ಬಂತು, ಆಮೇಲೆ ನೋಡಿದೆ. ಅಕ್ಕ, ನಿಮ್ಮ ಹಾಳೆ ಇಲ್ಲದಿದ್ದರೆ ಆ ಚಿತ್ರವನ್ನು ನಾನು ಸಾಯುವತನಕ ಕೇಳುತ್ತಲೇ ಇರುತ್ತಿದ್ದೆ, ಒಮ್ಮೆಯೂ ನೋಡುತ್ತಿರಲಿಲ್ಲ.

ಉಳಿದ ಕಛೇರಿಚಿತ್ರಗಳಲ್ಲಿ ಹಾಡುಗಾರ ಬಾಯಿ ತೆರೆಯುವಷ್ಟರಲ್ಲಿ ಕ್ಯಾಮೆರಾ ಜನರ ಕಡೆ ಓಡುತ್ತದೆ. ಕೈಯೆತ್ತಿದವರು, ಕಣ್ಣೊರೆಸಿಕೊಳ್ಳುವವರು, ನಿಮಗೂ ಹೀಗೇ ಅನ್ನಿಸಬೇಕು ಎಂದು ಹೇಳಿಕೊಡುವ ಮುಖಗಳು. ಡೆಮಿ ಪ್ರೇಕ್ಷಕರನ್ನು ಹೆಚ್ಚೂಕಡಿಮೆ ತೋರಿಸುವುದೇ ಇಲ್ಲ. ಎಲೆನ್ ಕುರಾಸ್ ಅವರ ಛಾಯಾಗ್ರಹಣ ವೇದಿಕೆ ಬಿಟ್ಟು ಕದಲುವುದಿಲ್ಲ. ಒಂದು ಮುಖದ ಮೇಲೆ ನಿಂತರೆ ಸಾಲು ಮುಗಿಯುವವರೆಗೆ ಅಲ್ಲೇ. ಅವಸರವಿಲ್ಲದ ಆ ನೋಟ ನನ್ನಂಥ ಅರ್ಧ ಕಿವುಡಿಗೆ ಹೇಳಿ ಮಾಡಿಸಿದಂತಿತ್ತು. ಬೆನ್ ಕೀತ್ ಪೆಡಲ್ ಸ್ಟೀಲ್ ಗಿಟಾರಿನ ಮುಂದೆ ಕೂತು ಎಡಗೈಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಬಲಗೈ ಮೀಟುತ್ತದೆ, ಪಾದ ಪೆಡಲ್ ಒತ್ತುತ್ತದೆ, ಮೊಣಕಾಲು ಪಕ್ಕದ ಸನ್ನೆಗೋಲನ್ನು ತಳ್ಳುತ್ತದೆ, ಮನುಷ್ಯ ಮಾತ್ರ ಸುಮ್ಮನೆ ಕೂತ ಹಾಗೆ ಕಾಣುತ್ತಾನೆ. ಗಾಯಕಿ ಎಮ್ಮಿಲೂ ಹ್ಯಾರಿಸ್ ಜೊತೆದನಿ ಕೊಡುವಾಗ ಕಣ್ಣು ನೀಲ್ ತುಟಿಯ ಮೇಲೆಯೇ. ನೀಲ್ ಅವರ ಅಂದಿನ ಹೆಂಡತಿ ಪೆಗಿ ಹಿಂದಿನಿಂದ ಹಾಡುತ್ತ ಅವರ ಕಡೆ ನೋಡುವ ನೋಟಕ್ಕೆ ಸದ್ದು ಬೇಕಾಗಿಯೇ ಇಲ್ಲ.

ಇನ್ನು ಆ ಪೊರಕೆ! ‘ಹಾರ್ವೆಸ್ಟ್ ಮೂನ್’ ಹಾಡಿನಲ್ಲಿ ತಾಳದ ಜೊತೆ ಸರಸರ ಎಂದು ಏನೋ ಉಜ್ಜುವ ಸದ್ದು ಬರುತ್ತದಲ್ಲ, ನಾನು ಅದನ್ನು ಡ್ರಮ್ಮಿನ ಮೇಲೆ ಬ್ರಷ್ ಆಡಿಸುವುದು ಎಂದೇ ತಿಳಿದಿದ್ದೆ. ಹಾಳೆಯಲ್ಲಿ ಅಕ್ಕ ಬರೆದದ್ದು ಒಂದೇ ಸಾಲು, “ಪೊರಕೆ ಹಿಡಿದವನನ್ನು ಹುಡುಕು.” ಹುಡುಕಿದೆ. ನೀಲ್ ಅವರ ಗಿಟಾರುಗಳನ್ನು ನೋಡಿಕೊಳ್ಳುತ್ತಿದ್ದ ಲ್ಯಾರಿ ಕ್ರ್ಯಾಗ್ ವೇದಿಕೆಯ ಮೇಲೆ ನಿಂತು ನಿಜವಾದ ಪೊರಕೆಯಿಂದ ತಾಳಕ್ಕೆ ಸರಿಯಾಗಿ ಗುಡಿಸುತ್ತಿದ್ದಾರೆ, ಅಷ್ಟೇ ಗಂಭೀರವಾಗಿ. ಸದ್ದಿಲ್ಲದ ಪರದೆಯಲ್ಲಿ ಆ ಪೊರಕೆಯ ಎಳೆತ ನೋಡುತ್ತ ನನ್ನ ತಲೆಯೊಳಗೆ ಹಾಡು ತಾನಾಗಿ ಶುರುವಾಯಿತು. ಎಲ್ಲ ಸ್ವರಗಳೂ ತಮ್ಮ ತಮ್ಮ ಜಾಗದಲ್ಲಿ, ಅಪಶ್ರುತಿಯಿಲ್ಲದೆ. ಕಿವಿ ಕೆಟ್ಟ ಮೇಲೆ ನಾನು ಅತ್ತದ್ದು ಆಗಲೇ, ಅದೂ ಸಂತೋಷಕ್ಕೆ.

ಆ ಹೊತ್ತಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತಿದೆ, ನೀವು ಒಪ್ಪಿದರೆ ಒಪ್ಪಿ. ನೀಲ್ ಯಂಗ್ ಅವರ ಮೆತ್ತನೆಯ ಸಂಗೀತವೆಲ್ಲ ಅವರ ದೇಹ ಹೂಡಿದ ತಕರಾರಿನಿಂದ ಹುಟ್ಟಿದ್ದು. 1971ರಲ್ಲಿ ಬೆನ್ನುಮೂಳೆಯ ತೊಂದರೆ, ಸೊಂಟಕ್ಕೆ ಪಟ್ಟಿ, ಭಾರದ ಎಲೆಕ್ಟ್ರಿಕ್ ಗಿಟಾರ್ ಹೊರುವ ಹಾಗಿಲ್ಲ. ಗಾಯಕ ಜಾನಿ ಕ್ಯಾಶ್ ಅವರ ಟಿವಿ ಕಾರ್ಯಕ್ರಮಕ್ಕೆಂದು ನ್ಯಾಶ್‌ವಿಲ್‌ಗೆ ಬಂದವರು ಅಲ್ಲೇ ಕೂತು ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡಿದ್ದು 1972ರ ‘ಹಾರ್ವೆಸ್ಟ್’ ಆಲ್ಬಂ ಆಯಿತು. ಬೆನ್ ಕೀತ್ ಅವರ ಗೆಳೆತನ ಸಿಕ್ಕಿದ್ದೂ ಆ ಧ್ವನಿಮುದ್ರಣದಲ್ಲೇ. ಮುಂದೆ 1991ರಲ್ಲಿ ತಮ್ಮ ರಾಕ್ ತಂಡ ಕ್ರೇಜಿ ಹಾರ್ಸ್ ಜೊತೆ ಕಿವಿಗಡಚಿಕ್ಕುವ ಪ್ರವಾಸ. ಅದರ ‘ವೆಲ್ಡ್’ ಮುದ್ರಿಕೆಗಳನ್ನು ಕೇಳಿ ಕೇಳಿ ಹದಗೊಳಿಸುವಾಗ ಅವರ ಕಿವಿಯೊಳಗೂ ಮೊರೆತ ಶುರುವಾಯಿತು. ಜೋರು ಸದ್ದು ಬೇಡವಾಗಿದ್ದರಿಂದಲೇ 1992ರ ‘ಹಾರ್ವೆಸ್ಟ್ ಮೂನ್’ ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇದು ನನಗೆ ಮೊದಲೂ ಗೊತ್ತಿತ್ತು, ಓದಿದ ವಿಷಯವಾಗಿ. ನನ್ನ ಕಿವಿಯೊಳಗೂ ಅದೇ ಮೊರೆತ ಕೂತ ಮೇಲೆ ಆ ಆಲ್ಬಂ ಬೇರೆಯೇ ಆಯಿತು. ಸದ್ದಿಗೆ ಹೆದರಿದವರೊಬ್ಬರು ಎಷ್ಟು ಸದ್ದು ಸಾಕು ಎಂದು ಅಳೆದು ಅಳೆದು ಮಾಡಿದ ಹಾಡುಗಳು ಅವು.

ಮೂರನೆಯದು 2005. ಮಾರ್ಚ್ ತಿಂಗಳಲ್ಲಿ ಕಣ್ಣಿಗೆ ಏನೋ ಅಡ್ಡ ಬಂದಂತಾಗಿ ತೋರಿಸಿದರೆ ಮಿದುಳಿನ ರಕ್ತನಾಳದಲ್ಲಿ ಉಬ್ಬು. ಚಿಕಿತ್ಸೆಗೆ ದಿನ ಗೊತ್ತಾಗಿರುವಾಗಲೇ ಮನುಷ್ಯ ನ್ಯಾಶ್‌ವಿಲ್‌ಗೆ ಹೋಗಿ ‘ಪ್ರೇರಿ ವಿಂಡ್’ ಹಾಡುಗಳನ್ನು ಬರೆದು ಮುದ್ರಿಸತೊಡಗಿದರು. ನ್ಯೂಯಾರ್ಕಿನಲ್ಲಿ ಚಿಕಿತ್ಸೆಯಾದ ಮೇಲೆ ತೊಡೆಯ ರಕ್ತನಾಳದಿಂದ ರಕ್ತ ಸೋರಿ ಬೀದಿಯಲ್ಲೇ ಕುಸಿದು ಬಿದ್ದರು. ಜೂನ್‌ನಲ್ಲಿ ತಂದೆ ಸ್ಕಾಟ್ ಯಂಗ್ ತೀರಿಕೊಂಡರು. ಆಗಸ್ಟ್ 18 ಮತ್ತು 19ರ ರಾತ್ರಿ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಈ ಚಿತ್ರದ ಕಛೇರಿ. 1892ರಲ್ಲಿ ಭಜನಾಮಂದಿರವಾಗಿ ಕಟ್ಟಿದ, ಇಂದಿಗೂ ಚರ್ಚಿನ ಉದ್ದ ಬೆಂಚುಗಳೇ ಇರುವ ಜಾಗ. 1943ರಿಂದ 1974ರವರೆಗೆ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ ನಡೆದದ್ದು ಅಲ್ಲೇ. ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ನುಡಿಸುತ್ತಿದ್ದ ಮಾರ್ಟಿನ್ ಗಿಟಾರ್ ಈಗ ನೀಲ್ ಬಳಿಯಿದೆ, ಅದನ್ನೇ ಹಿಡಿದು ಅದೇ ವೇದಿಕೆಯ ಮೇಲೆ ಆ ಗಿಟಾರಿನ ಮೇಲೆಯೇ ಕಟ್ಟಿದ ಹಾಡು ಹಾಡುತ್ತಾರೆ. ಮುಖದಲ್ಲಿ ‘ಬದುಕಿ ಬಂದೆ’ ಎಂಬ ಪ್ರದರ್ಶನವಿಲ್ಲ. ಕೆಲಸಕ್ಕೆ ಬಂದವರ ಮುಖ.

ಈ ಮಾತು ನನಗೆ ಅಂಟಿಕೊಂಡಿತು. ಕಿವಿ ಸರಿಹೋಗಲಿ, ಆಮೇಲೆ ಸಂಗೀತ ಎಂದು ಕಾಯುತ್ತ ಕೂತವಳು ನಾನು. ಇರುವ ಕಿವಿಗೆ ತಕ್ಕ ಸಂಗೀತ ಎಂದು ಯೋಚನೆ ತಿರುಗಿದ್ದು ಅಲ್ಲಿಂದ. ಇದಕ್ಕೆ ನೀಲ್ ಅವರಿಗೆ ಧನ್ಯವಾದ ಹೇಳಬೇಕು. ಅವರು ಕನ್ನಡ ಓದುವುದಿಲ್ಲ, ಹೇಳಿದ್ದೇನೆ ಅಷ್ಟೇ. 2025ರ ನವೆಂಬರ್ 12ಕ್ಕೆ ಎಂಬತ್ತು ತುಂಬಿದ ಮನುಷ್ಯನಿಗೆ ದೂರದಿಂದ ಒಂದು ನಮಸ್ಕಾರವೂ ಸೇರಲಿ.

ಬೆನ್ ಕೀತ್ 2010ರಲ್ಲಿ ಹೋದರು, ಡೆಮಿ 2017ರಲ್ಲಿ, ಪೆಗಿ 2019ರಲ್ಲಿ. ಅವರಿಗೆ ಹೇಳುವ ದಾರಿ ಇಲ್ಲ. ಹೆಸರನ್ನಾದರೂ ಇಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಬಳಗದ ಉಳಿದವರ ಬಾಕಿ ತೀರಿಸುತ್ತೇನೆ. ಫೋನಿನಲ್ಲಿ ಎರಡೂ ಬದಿಯ ಸದ್ದನ್ನು ಒಂದೇ ಕಡೆಗೆ ಕೂಡಿಸುವ ಮೋನೋ ಸೆಟ್ಟಿಂಗ್ ಇರುವುದನ್ನು ತೋರಿಸಿಕೊಟ್ಟ ತಮ್ಮಾ, ನಿನಗೆ ದೊಡ್ಡ ಉಪಕಾರ. ಎಡಬದಿಗೆ ಹಾಕಿದ ಗಿಟಾರ್ ಇಡೀ ಹಾಡಿನಿಂದಲೇ ಮಾಯವಾಗುತ್ತಿತ್ತು. ಬಲಗಿವಿಗೆ ಮಾತ್ರ ಹಾಕಿಕೊಂಡು, ಸದ್ದು ತೀರಾ ತಗ್ಗಿಸಿ, ಮೊದಲು ಕೇಳಿದ್ದು ನೀನು ಹೇಳಿದಂತೆಯೇ ಟೊರಾಂಟೊದ ಮ್ಯಾಸಿ ಹಾಲಿನಲ್ಲಿ ನೀಲ್ ಒಬ್ಬರೇ ಹಾಡಿದ 1971ರ ಮುದ್ರಿಕೆ. ಒಂದು ದನಿ, ಒಂದು ಗಿಟಾರ್ ಇಲ್ಲವೇ ಪಿಯಾನೋ, ಕಿವಿಗೆ ಗೊಂದಲವಿಲ್ಲ. ಒಳ್ಳೆಯ ಆಯ್ಕೆ. ಸದ್ದಿನ ಗುಣಮಟ್ಟಕ್ಕಾಗಿ ವರ್ಷಗಟ್ಟಲೆ ಜಗಳವಾಡಿ, ಪೋನೋ ಎಂಬ ಪ್ಲೇಯರನ್ನೇ ಹೊರತಂದ ನೀಲ್ ಯಂಗ್, ನಾನು ಫೋನಿನಲ್ಲಿ ಮೋನೋ ಕೇಳುವುದನ್ನು ಕಂಡರೆ ಏನನ್ನುತ್ತಿದ್ದರೋ!

‘ಜರ್ನೀಸ್’ ಚಿತ್ರ ಕಳಿಸಿದವರೇ, ನೀವು ಎಚ್ಚರಿಸಿದ್ದು ಸರಿಯಾಗಿತ್ತು. ಅದೇ ಮ್ಯಾಸಿ ಹಾಲಿನಲ್ಲಿ 2011ರ ಮೇ ತಿಂಗಳಲ್ಲಿ ಡೆಮಿ ತೆಗೆದದ್ದು. ಮೈಕಿನ ಬಳಿಯೇ ಕ್ಯಾಮೆರಾ ಸಿಕ್ಕಿಸಿ ಗಡ್ಡದ ಒಂದೊಂದು ಕೂದಲೂ ಕಾಣುವಷ್ಟು ಹತ್ತಿರದಿಂದ. ಒಂದು ಕಡೆ ಉಗುಳು ಹಾರಿ ಮಸೂರದ ಮೇಲೆ ಬೀಳುತ್ತದೆ, ಒರೆಸದೆ ಹಾಗೇ ಬಿಟ್ಟಿದ್ದಾರೆ! ನಮ್ಮಲ್ಲಿ ಕೆಲವರಿಗೆ ಅದು ಅಸಹ್ಯ ಎನಿಸಿತು. ನನಗೆ ಅದರಿಂದಲೇ ಉಪಯೋಗವಾಯಿತು. ತುಟಿ ನೋಡಿ ಮಾತು ಹಿಡಿಯುವುದನ್ನು ಆಗತಾನೇ ಕಲಿಯುತ್ತಿದ್ದೆ, ಪಾಠಕ್ಕೆ ಅದಕ್ಕಿಂತ ಹತ್ತಿರದ ತುಟಿ ಎಲ್ಲಿ ಸಿಗಬೇಕು? ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1970ರ ಮೇ 4ರಂದು ಗುಂಡಿಗೆ ಬಲಿಯಾದ ನಾಲ್ವರು ವಿದ್ಯಾರ್ಥಿಗಳ ಚಿತ್ರ, ಹೆಸರು ಪರದೆಯ ಮೇಲೆ ಬರುವ ಭಾಗವನ್ನಂತೂ ಸದ್ದಿಲ್ಲದೆ ನೋಡಿ ತಡೆದುಕೊಳ್ಳುವುದು ಸುಲಭವಲ್ಲ. ನಡುನಡುವೆ ನೀಲ್ ಹಳೆಯ ಫೋರ್ಡ್ ಕಾರಿನಲ್ಲಿ ಬಾಲ್ಯದ ಊರು ಓಮೆಮಿಯಿಂದ ಟೊರಾಂಟೊಗೆ ಹೋಗುತ್ತ ಹಳೆಯದನ್ನೆಲ್ಲ ಹೇಳುತ್ತಾರೆ. ಐದು ವರ್ಷದವರಿದ್ದಾಗ, 1951ರಲ್ಲಿ, ಪೋಲಿಯೋ ಬಡಿದದ್ದು ಅದೇ ಊರಿನಲ್ಲಿ. ದೇಹದ ತಕರಾರಿನ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಬೇಕಿತ್ತೋ ಏನೋ.

ಡೆಮಿ ಅವರದೇ ಇನ್ನೊಂದು ಕಛೇರಿಚಿತ್ರ ‘ಟ್ರಂಕ್ ಶೋ’ ಬಗ್ಗೆ ವಾದಕ್ಕೆ ಬರಬೇಡಿ. ಇಪ್ಪತ್ತು ನಿಮಿಷ ಮೀರಿ ಬೆಳೆಯುವ ಗಿಟಾರ್ ಹಾಡನ್ನು ಸದ್ದಿಲ್ಲದೆ ನೋಡಲು ನನ್ನಿಂದಾಗಲಿಲ್ಲ, ಸದ್ದಿನೊಂದಿಗೆ ನೋಡಲು ಕಿವಿ ಬಿಡಲಿಲ್ಲ. ನಟಿ ಡ್ಯಾರಿಲ್ ಹ್ಯಾನಾ ನೀಲ್ ಅವರ ಪ್ರವಾಸದ ಮೇಲೆ ಮಾಡಿದ ಕಪ್ಪುಬಿಳುಪಿನ ಚಿತ್ರ ‘ಕೋಸ್ಟಲ್’ ನಿಮ್ಮಲ್ಲಿ ಬಹಳ ಜನಕ್ಕೆ ಬೇಸರ ತಂದಿದೆ, ಬಸ್ಸಿನಲ್ಲಿ ಚಾಲಕನ ಜೊತೆ ಹರಟೆಯೇ ಜಾಸ್ತಿ ಎಂದು. ನಿಜವೇ. ನನಗೆ ಮಾತ್ರ ಆ ಹರಟೆ ಹಿತವಾಗಿತ್ತು. ಮಾತಿನ ಸದ್ದನ್ನು ಎಡಗಿವಿಗೆ ಮತ್ತೆ ರೂಢಿ ಮಾಡಿಸಿದ್ದೇ ಅದು.

ನೀಲ್ ಅವರ 2025ರ ಪ್ರವಾಸದ ಕಛೇರಿಗೆ ಹೋಗಿಬಂದು ಪುಟಗಟ್ಟಲೆ ಬರೆದು ಕಳಿಸಿದವರಿಗೆ ಏನು ಹೇಳಲಿ? ಹಿಂದಿನ ವರ್ಷ ಕ್ರೇಜಿ ಹಾರ್ಸ್ ಪ್ರವಾಸ ತಂಡದವರ ಅನಾರೋಗ್ಯದಿಂದ ನಡುವೆಯೇ ನಿಂತುಹೋದಾಗ ನಾವೆಲ್ಲ ಇನ್ನು ಮುಗಿಯಿತು ಎಂದುಕೊಂಡಿದ್ದೆವು. ನೀವು ಹಾಡಿನ ಪಟ್ಟಿ ಕಳಿಸಿ ಸುಮ್ಮನಾಗಬಹುದಿತ್ತು. ಅದು ಬಿಟ್ಟು, ಗಿಟಾರ್ ನುಡಿಸುವ ಮಿಕಾ ನೆಲ್ಸನ್ ಯಾವಾಗ ಹತ್ತಿರ ಬಂದು ನಿಂತರು, ನೀಲ್ ಯಾವ ಹಾಡಿಗೆ ಬೆನ್ನು ತಿರುಗಿಸಿದರು, ಎಂಬತ್ತು ದಾಟಿದ ಸ್ಪೂನರ್ ಓಲ್ಡ್‌ಹ್ಯಾಮ್ ಕೀಲಿಮಣೆಯ ಮುಂದೆ ಹೇಗೆ ತಲೆತಗ್ಗಿಸಿ ಕೂತಿದ್ದರು ಎಂದೆಲ್ಲ ಬರೆದಿರಿ. ಅದೇ ಸ್ಪೂನರ್ 2005ರಲ್ಲಿ ರೈಮನ್ ವೇದಿಕೆಯ ಮೇಲೂ ಇದ್ದರಲ್ಲ, ನಿಮ್ಮ ಕಾಗದ ಓದಿ ಎದ್ದುಹೋಗಿ ಡಿಸ್ಕ್ ಹಾಕಿ ಅವರನ್ನು ಹುಡುಕಿದೆ. ಸಿಕ್ಕರು.

ಕಿವಿ ತೋರಿಸಿದ ವೈದ್ಯರಿಗೆ, ಒಂದೊಂದು ಸ್ವರವನ್ನೂ ತಾಳ್ಮೆಯಿಂದ ಪರೀಕ್ಷಿಸಿದ ಶ್ರವಣತಜ್ಞೆಗೆ ಬೇರೆಯಾಗಿಯೇ ಹೇಳಿದ್ದೇನೆ. ಆಕೆಗೆ ‘ಹಾರ್ವೆಸ್ಟ್ ಮೂನ್’ ಕೇಳಲು ಕೊಟ್ಟೆ, ಪೊರಕೆಯ ಕಥೆ ಮಾತ್ರ ಹೇಳಲಿಲ್ಲ. ಏನು ಸದ್ದು ಅದು ಎಂದು ಮುಂದಿನ ಸಲ ಕೇಳುತ್ತೇನೆ.

ಎರವಲು ಕೊಟ್ಟ ಡಿಸ್ಕ್‌ಗಳನ್ನೆಲ್ಲ ಈ ವಾರ ವಾಪಸು ಕಳಿಸುತ್ತಿದ್ದೇನೆ. ಅಕ್ಕ, ನಿಮ್ಮ ಡಿಸ್ಕ್ ಬರುತ್ತದೆ, ಕೈಬರಹದ ಹಾಳೆಗಳು ಬರುವುದಿಲ್ಲ, ಅವನ್ನು ಕೇಳಬೇಡಿ. ‘ರಸ್ಟ್ ನೆವರ್ ಸ್ಲೀಪ್ಸ್’ ಕಛೇರಿಚಿತ್ರ ಕೊಟ್ಟವರು ಇನ್ನು ಸ್ವಲ್ಪ ಕಾಯಬೇಕು. 1978ರ ಆ ದೈತ್ಯ ಆಂಪ್ಲಿಫೈಯರ್‌ಗಳ ಗದ್ದಲಕ್ಕೆ ವೈದ್ಯರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ, ನಾನು ಇನ್ನೂ ಕೇಳುವುದು ಬಿಟ್ಟಿಲ್ಲ.